ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು ಯಾಕೆ

ಲೋಕ ಆಗಷ್ಟೇ ಹುಟ್ಟಿತ್ತು, ಅದರ ಹೊಕ್ಕುಳು ಇನ್ನೂ ಒಣಗಿರಲಿಲ್ಲ. ಆ ಕಾಲದಲ್ಲಿ ಬದನೆಕಾಯಿಯನ್ನು ಸೀಳಿ ಇಡೀ ದಿನ ಇಟ್ಟರೂ ತಿರುಳು ಬೆಳ್ಳಗೇ ಇರುತ್ತಿತ್ತು. ರುಚಿಯೂ ಸಿಹಿ.

ಸಿಹಿಯಾಗಿದ್ದದ್ದೇ ತಪ್ಪಾಯಿತು.

ಬದನೆಗಿಡದ ಹೆಸರು ಬದನೆವ್ವ. ಅವಳಿಗೆ ನಾಲ್ಕು ಕಾಯಿ, ನಾಲ್ಕು ಮಕ್ಕಳು. ಒಂದು ಬೆಳಿಗ್ಗೆ ಕೊರಕ ಅನ್ನೋ ಹುಳು ಬಂದು ದೊಡ್ಡವನನ್ನು ಕೊರೆದು ತಿಂದ. ಮಾರನೆಯ ದಿನ ಎರಡನೆಯವನನ್ನು. ಅದರ ಮಾರನೆಯ ದಿನ ಮೂರನೆಯವನನ್ನು. ಬೀಜ ಕೂಡ ಬಿಡಲಿಲ್ಲ. ಉಳಿದದ್ದು ಕಿರಿಯವಳು ಒಬ್ಬಳೇ. ಅವಳೂ ಹೋದರೆ ಲೋಕದಲ್ಲಿ ಬದನೆಯ ಕುಲವೇ ಇಲ್ಲ.

ಬದನೆವ್ವನಿಗೆ ಸಿಟ್ಟು ಬಂತು. ಎಂಥ ಸಿಟ್ಟು! ತೊಟ್ಟಿನ ಮೇಲೆಲ್ಲ ಮುಳ್ಳು ಎದ್ದವು. ಕೊರಕ ಮುಳ್ಳಿನ ಸಂದಿಯಲ್ಲಿ ನುಸುಳಿ ನಕ್ಕ. "ಬೆನ್ನು ಕೆರಕೊಳ್ಳೋಕೆ ಒಳ್ಳೇದಾಯ್ತು ಬಿಡವ್ವ. ನಾಳೆ ಬರ್ತೀನಿ, ಕಿರಿಯವಳನ್ನ ಚೆನ್ನಾಗಿ ಬೆಳೆಸಿಡು."

ಅವಳು ಮೊದಲು ಗಾಳಿಯ ಮೇಲೆ ಹರಿಹಾಯ್ದಳು. "ಊರೂರು ಅಲೀತೀಯಲ್ಲೋ! ನನ್ನ ಮಕ್ಕಳು ಸಾಯ್ತಿದ್ರೆ ಸುಮ್ಮನೆ ನೋಡ್ಕೊಂಡು ಹೋದೆಯಲ್ಲೋ!"

"ನನ್ನನ್ನ ಒಳಗೆ ಬಿಟ್ಟರೆ ತಾನೇ?" ಅಂದ ಗಾಳಿ. "ಸಿಪ್ಪೆ ಬಿಗಿಯಾಗಿ ಮುಚ್ಚಿಟ್ಟೋಳು ನೀನು. ಅವನು ಕೊರೆದ ತೂತಿನಲ್ಲಿ ನುಗ್ಗಿದರೂ ಒಳಗೆ ನನಗೆ ಕೆಲಸ ಕೊಡೋರು ಯಾರು?"

ಆಮೇಲೆ ಒಳಗಿನ ಬಣ್ಣಗಾರನ ಮೇಲೆ. ಕಾಯಿಯ ತುಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಣೆಗಳಿವೆ. ಒಂದೊಂದರಲ್ಲೂ ಒಬ್ಬ ಪುಟ್ಟ ಬಣ್ಣಗಾರ. "ತಿಂದು ಕೂತಿದ್ದೀಯಲ್ಲೋ ಸೋಮಾರಿ!"

"ಬಯ್ಬೇಡವ್ವ. ನನಗೆ ಬರೋದು ಒಂದೇ ಕೆಲಸ. ಒಗರು ರಸದ ಹನಿಗೆ ಗಾಳಿ ಬೆಸೆದು ಕಪ್ಪು ಮಾಡೋದು. ನೋಡು, ನನ್ನ ಅಂಗೈ ಗುಳಿಯಲ್ಲಿ ಆ ಹನಿ ಬಿಟ್ಟು ಬೇರೇನೂ ಕೂರಲ್ಲ. ನೀರು ಕೊಟ್ಟರೂ ಜಾರುತ್ತೆ, ಜೇನು ಕೊಟ್ಟರೂ ಜಾರುತ್ತೆ. ಮಕ್ಕಳು ಸಿಹಿಯಾಗಿರಲಿ ಅಂತ ಒಗರನ್ನೆಲ್ಲ ನೀನು ಬೇರಿನಲ್ಲಿ ಬಚ್ಚಿಟ್ಟಿದ್ದೀಯ. ನಾನೇನು ಮಾಡಲಿ?"

ಬಯ್ಯಲು ಇನ್ಯಾರೂ ಉಳಿದಿರಲಿಲ್ಲ. ಬದನೆವ್ವನ ಸಿಟ್ಟು ಅವಳ ಮೇಲೇ ತಿರುಗಿತು. ಬೇರಿನಲ್ಲಿದ್ದ ಒಗರನ್ನೆಲ್ಲ ಹಲ್ಲು ಕಚ್ಚಿ ಮೇಲಕ್ಕೆಳೆದಳು. ಕಿರಿಯವಳ ಒಂದೊಂದು ಕೋಣೆಗೂ ಸುರಿದಳು. ಯಾರಾದರೂ ಕಚ್ಚುವವರೆಗೆ ಸೇರದಿರಲಿ ಎಂದು ಒಗರಿಗೂ ಬಣ್ಣಗಾರನಿಗೂ ನಡುವೆ ತೆಳ್ಳನೆ ಗೋಡೆ ಕಟ್ಟಿದಳು.

"ಅವ್ವಾ, ಬೇಡ," ಎಂದು ಕಿರಿಯವಳು ಅತ್ತಳು. "ಒಗರಾದರೆ ನನ್ನನ್ನ ಯಾರೂ ಇಷ್ಟಪಡಲ್ಲ."

"ನಿನ್ನ ಅಣ್ಣಂದಿರನ್ನ ತಿಂದವನು ಇಷ್ಟಪಟ್ಟೇ ತಿಂದ. ಬಾಯ್ಮುಚ್ಚು!"

ಬೆಳಿಗ್ಗೆ ಕೊರಕ ಬಂದ. ಕಚ್ಚಿದ. ಗೋಡೆ ಒಡೆಯಿತು. ಅವನು ಕೊರೆದ ತೂತಿನಿಂದಲೇ ಗಾಳಿ ನುಗ್ಗಿದ. ಬಣ್ಣಗಾರ ಒಂದು ಹನಿ ಹಿಡಿದ, ಅದಕ್ಕೆ ಗಾಳಿಯನ್ನು ಬೆಸೆದ, ಕಪ್ಪು ಮಾಡಿ ಬಿಟ್ಟ. ಇನ್ನೊಂದು ಹಿಡಿದ, ಬೆಸೆದ, ಬಿಟ್ಟ. ಮತ್ತೊಂದು. ಸಾವಿರ ಹನಿ ಮುಗಿದರೂ ಅವನ ಕೈ ಸವೆಯಲಿಲ್ಲ. ಕೊರಕನ ನಾಲಿಗೆ ಮರಗಟ್ಟಿತು, ದವಡೆ ಅಂಟಿಕೊಂಡಿತು.

"ಥೂ! ಏನವ್ವ ಹಾಕಿದ್ದೀಯ ಇದಕ್ಕೆ?"

"ಮೂರು ಮಕ್ಕಳ ಸಂಕಟ ಹಾಕಿದ್ದೀನಿ ಕಣೋ. ತಿನ್ನು!"

ಕೊರಕ ಉಗುಳಿ ಓಡಿದ. ಬೀಜ ಉಳಿಯಿತು. ಅವನ ವಂಶದವರು ಇವತ್ತಿಗೂ ಬರುತ್ತಾರೆ, ತೂತು ಕೊರೆಯುತ್ತಾರೆ. ಆ ಜಗಳ ಮುಗಿಯುವಂಥದ್ದಲ್ಲ.

ಎಷ್ಟೋ ಕಾಲದ ಮೇಲೆ ನಿಂಗಾಜಮ್ಮ ಅನ್ನೋ ಹೆಂಗಸು ಬದನೆಕಾಯಿ ಕಿತ್ತು ತಂದು ಈಳಿಗೆಮಣೆಗೆ ಕೂತಳು. ಹೆಚ್ಚಿ ಮುಗಿಸುವಷ್ಟರಲ್ಲಿ ಹೋಳೆಲ್ಲ ಕಪ್ಪು. "ಅಯ್ಯೋ, ನಿನ್ನ ಮನೆ ಹಾಳಾಗ! ನಾನೇನೇ ಮಾಡ್ದೆ ನಿಂಗೆ?" ಎಂದು ಮಿಕ್ಕ ಕಾಯಿಗಳನ್ನು ಹೆಚ್ಚುತ್ತಲೇ ಉಪ್ಪುನೀರಿಗೆ ದಬ್ಬಿದಳು. ನೀರೊಳಗೆ ಗಾಳಿಯ ಆಟ ನಡೆಯಲಿಲ್ಲ. ಉಪ್ಪು ಬಣ್ಣಗಾರನ ಕೈ ಕಟ್ಟಿತು. ಕಾದ ಬಾಣಲೆಗೆ ಬಿದ್ದ ಮೇಲಂತೂ ಅವನ ಅಂಗೈ ಸೊಟ್ಟಗಾಗಿ ಯಾವ ಹನಿಯೂ ಕೂರದಂತಾಯಿತು.

ಅದಕ್ಕೇ ಮಗೂ, ನಿಮ್ಮಮ್ಮ ಬದನೆಕಾಯಿ ಹೆಚ್ಚಿದ ಕೂಡಲೇ ಉಪ್ಪುನೀರಿಗೆ ಹಾಕುವುದು. ಒಂದು ಗಳಿಗೆ ಮರೆತು ಹಾಗೇ ಬಿಟ್ಟರೆ ಹೋಳೆಲ್ಲ ಕಪ್ಪಾಗುತ್ತವೆ, ಬಂದದ್ದು ಹುಳುವೋ ಈಳಿಗೆಯೋ ಎಂದು ನೋಡುವಷ್ಟು ತಾಳ್ಮೆ ಬದನೆವ್ವನಿಗೆ ಇವತ್ತಿಗೂ ಬಂದಿಲ್ಲ.