ಹಸಿ ವಾರ್ನಿಷಿನ ಮೇಲೆ ಮೂರು ಬೆರಳು

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ವಯಸ್ಸಾದ ಗುರುಗಳಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ದಿನಾ ಸಂಜೆ ಜಗಲಿಯ ಮೇಲೆ ಕೂತು ನಾಲ್ಕು ಮಾತು ಹೇಳುವುದು ಅವರ ರೂಢಿ.

ಆ ವರ್ಷ ಅವರ ಗಂಟಲಿಗೆ ಬೇನೆ ಬಂತು. ದನಿ ದಿನದಿಂದ ದಿನಕ್ಕೆ ಸಣ್ಣದಾಯಿತು. ದೀಪಾವಳಿಯ ಹೊತ್ತಿಗೆ ಪೂರ್ತಿ ಹೋಗಬಹುದು ಎಂದು ವೈದ್ಯರು ಹೇಳಿದ್ದರು.

ಎಲ್ಲರಿಗಿಂತ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ರೊಟ್ಟಿ ಬಡಿಯುವ ನೀಲವ್ವ ಕೂರುತ್ತಿದ್ದಳು. ಅವಳ ಕಿವಿ ಮೊದಲೇ ಮಂದ. ಮುಂದೆ ಬಾ ಎಂದರೆ ಒಲೆಯ ಮೇಲೆ ಅನ್ನ ಇದೆ ಎನ್ನುವಳು. ಉಳಿದವರು ನಕ್ಕಾಗ ನಗುವಳು, ತಲೆದೂಗಿದಾಗ ತಲೆದೂಗುವಳು. ಒಂದು ಸಂಜೆಯೂ ತಪ್ಪಿಸಿದವಳಲ್ಲ.

ಇದನ್ನು ನೋಡಲಾರದೆ ಶಿಷ್ಯ ಗುರುಶಾಂತ ಒಂದು ಸ್ಪೀಕರ್ ಪೆಟ್ಟಿಗೆ ಮಾಡಲು ನಿಂತ. ಆಶ್ರಮಕ್ಕೆ ಬರುವ ಮೊದಲು ಅವನು ರೇಡಿಯೊ ರಿಪೇರಿ ಮಾಡಿಕೊಂಡಿದ್ದವನು. ಪ್ಲೈವುಡ್ ಕೊಯ್ದ, ಅಂಟು ಹಾಕಿ ಕೂಡಿಸಿದ, ಮೈಕ್ ಹಚ್ಚಿ ನೋಡಿದ. ದನಿ ಅಡುಗೆಮನೆಯವರೆಗೂ ಚೊಕ್ಕವಾಗಿ ಮುಟ್ಟಿತು.

"ಇವತ್ತ ಸಂಜೀಕ ಹೊರಗ ಇಡೂಣೇನಪಾ?" ಎಂದು ಅಜ್ಜಾರು ಕೇಳಿದರು.

"ಇಲ್ರಿ ಅಜ್ಜಾರ. ಹೊಳೀ ತಂಪಿಗೆ ಪ್ಲೈವುಡ್ ಉಬ್ಬತೈತಿ. ವಾರ್ನಿಷ್ ಹಚ್ಚಬೇಕು."

ಅವನ ಮಾತು ಸುಳ್ಳಲ್ಲ. ಅಂಚು ನೀರು ಕುಡಿದರೆ ಹಲಗೆ ಪದರು ಪದರಾಗಿ ಬಿಡುತ್ತದೆ. ಅದಕ್ಕೇ ಅಂಚಿಗೆ ಎರಡು ಸಲ ಹಚ್ಚಿದ. ಒಳಮೈಗೂ ಹಚ್ಚಿದ. ಆರಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ ಮತ್ತೊಂದು ಕೈ ಹಚ್ಚಿದ. ಅಲ್ಲಿಗೆ ಕೆಲಸ ಮುಗಿದಿತ್ತು. ಮುಗಿಯಿತು ಅನ್ನಲು ಮಾತ್ರ ಪುಣ್ಯಾತ್ಮನಿಗೆ ಬಾಯಿ ಬರಲಿಲ್ಲ.

ಒಮ್ಮೆ ನುಸಿ ಬಂದು ಅಂಟಿತು, ಉಜ್ಜಿದ. ಇನ್ನೊಮ್ಮೆ ಅಂಗಳದ ಧೂಳು ಕೂತಿತು, ಗುಡಿಸಿದವರನ್ನು ಬೈದು ಉಜ್ಜಿದ. ಉಜ್ಜುವುದು, ಹಚ್ಚುವುದು, ಮತ್ತೆ ಉಜ್ಜುವುದು. ಪೆಟ್ಟಿಗೆಯ ಹೊಳಪು ಏರುತ್ತಾ ಹೋಯಿತು, ಅಜ್ಜಾರ ದನಿ ಇಳಿಯುತ್ತಾ ಹೋಯಿತು.

"ಇವತ್ತರೆ ಪೆಟಗಿ ಹೊರಗ ಬರತೈತೇನು?" ಎಂದು ಅಜ್ಜಾರು ಮತ್ತೆ ಕೇಳಿದರು.

"ಇನ್ನೊಂದ ಕೈ ಅಷ್ಟರೀ. ನಿಮ್ಮ ಉಪಕಾರ ನನ್ನ ಮ್ಯಾಲೆ ಭಾಳ ಐತಿ. ನಿಮ್ಮ ದನಿ ಬರೂ ಪೆಟಗಿ ಮ್ಯಾಲೆ ಒಂದ ಗೀರೂ ಇರಬಾರದು."

ಆ ಸಂಜೆಯೂ ಅಜ್ಜಾರು ಪೆಟ್ಟಿಗೆಯಿಲ್ಲದೆ ಜಗಲಿಗೆ ಹೋಗಿ ಕೂತರು.

ಒಂದು ಬೆಳಿಗ್ಗೆ ಗುರುಶಾಂತ ಕೊನೆಯ ಕೈ ಹಚ್ಚಿ, ಪೆಟ್ಟಿಗೆಯನ್ನು ಆರಲು ಬಿಟ್ಟು, ಸ್ನಾನಕ್ಕೆಂದು ಹೊಳೆಗೆ ಹೋದ. ಬಂದು ನೋಡಿದರೆ ಪೆಟ್ಟಿಗೆಯ ನೆತ್ತಿಯ ಮೇಲೆ ಮೂರು ಬೆರಳಿನ ಗುರುತು. ಗುರುತಿನೊಳಗೆ ವಿಭೂತಿ. ಪಕ್ಕದಲ್ಲಿ ನೀಲವ್ವ ಅಂಟಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತಿದ್ದಳು.

"ಹಸಿ ಐತಿ ಅಂತ ಕಾಣೂದಿಲ್ಲೇನ ನಿನಗ?"

"ಅಜ್ಜಾರ ಮಾತು ಇದರಾಗ ಬರತೈತಿ ಅಂದ್ರು ತಮ್ಮಾ. ಮುಟ್ಟಿ ನಮಸ್ಕಾರ ಮಾಡಿದ್ನಿ."

"ಇದು ನಮಸ್ಕಾರ ಅಲ್ಲ, ಕೆಡಸೂದು! ಹೋಗ ಆಚೆ!" ಎಂದು ಕೂಗಿಬಿಟ್ಟ.

ಕೆಳದನಿಯ ಮಾತು ಅವಳಿಗೆ ಕೇಳಿಸುತ್ತಿರಲಿಲ್ಲ. ಇದು ಮಾತ್ರ ಪೂರ್ತಿ ಕೇಳಿಸಿತು.

ಆ ಸಂಜೆ ಅಡುಗೆಮನೆಯ ಬಾಗಿಲು ಖಾಲಿ ಇತ್ತು. ಅಜ್ಜಾರು ಬಂದು ಕೂತು ಅತ್ತ ನೋಡಿದರು. ಮಾತು ಶುರು ಮಾಡುವ ಮೊದಲು ಗುರುಶಾಂತನನ್ನು ಹತ್ತಿರ ಕರೆದರು.

"ಆ ಪೆಟಗಿ ಯಾರ ಸಲುವಾಗಿ ಮಾಡೀದಿ?"

"ಹಿಂದ ಕೂತವರ ಸಲುವಾಗಿ ರೀ."

"ಹಿಂದ ಯಾರ ಕೂತಾರ, ನೋಡು."

ಗುರುಶಾಂತ ತಿರುಗಿ ನೋಡಿದ. ನಾಚಿಕೆಯಿಂದ ಅವನ ಮುಖ ಸಣ್ಣದಾಯಿತು.

ನೀಲವ್ವ ಹಿತ್ತಲಲ್ಲಿ ಒಬ್ಬಳೇ ಜೋಳ ಹಸನು ಮಾಡುತ್ತಿದ್ದಳು. ಅವನು ಹೋಗಿ ಅವಳ ಕಾಲು ಮುಟ್ಟಿದ. "ತಪ್ಪಾತಬೇ ಆಯಿ, ಬಾ" ಎಂದು ಕೈ ಹಿಡಿದು ಕರೆತಂದ. ಪೆಟ್ಟಿಗೆಯನ್ನು ಗುರುತಿನ ಸಮೇತ ಹೊತ್ತುಕೊಂಡು ಬಂದು ಅವಳ ಎದುರಿಗೇ ಇಟ್ಟ.

ಅಜ್ಜಾರು ಮೈಕಿಗೆ ಬಾಯಿ ಹಚ್ಚಿ, ಉಳಿದಿದ್ದ ಅಷ್ಟು ದನಿಯಲ್ಲೇ ಕೇಳಿದರು: "ನೀಲವ್ವಾ, ಕೇಳತೈತೇನವಾ?"

ನೀಲವ್ವ ಬೆಚ್ಚಿದಳು. ಪೆಟ್ಟಿಗೆಯನ್ನು ನೋಡಿದಳು, ಅಜ್ಜಾರನ್ನು ನೋಡಿದಳು. "ಕೇಳತೈತ್ರಿ ಯಪ್ಪಾ, ಕೇಳತೈತಿ!" ಎಂದು ಅತ್ತಳು. ಆ ಸಂಜೆ ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ. ಗುರುಶಾಂತನಿಗೆ ಅಜ್ಜಾರ ಮಾತು ತಲೆಗೆ ಹೋಗಲಿಲ್ಲ. ಅವಳ ಮುಖವನ್ನೇ ನೋಡುತ್ತಾ ಕೂತಿದ್ದ. ಇಂಥ ಸಂತೋಷವನ್ನು ಅವನು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಉಪ್ಪುಕಾಗದ ಹಿಡಿದು ಅಜ್ಜಾರ ಹತ್ತಿರ ಬಂದ.

"ಸಿಟ್ಟಿಲೆ ಅಲ್ಲರೀ ಅಜ್ಜಾರ. ಬೆರಳು ಊರಿದಲ್ಲಿ ವಾರ್ನಿಷ್ ತೆಳ್ಳಗಾಗೇತಿ, ನೀರು ಅಲ್ಲೇ ಇಳೀತೈತಿ. ಆ ಗುರುತು ತಗದು ಇನ್ನೊಂದ ಕೈ ಹಚ್ಚಲೇನ್ರಿ?"

ಅಜ್ಜಾರು ಎದ್ದು ಬಂದು ಆ ಗುರುತಿನ ಮುಂದೆ ಕೈ ಮುಗಿದರು. ಗುರುಶಾಂತ ಗಾಬರಿಯಾದ.

"ನನ್ನ ಉಪಕಾರ ಭಾಳ ಅಂದಿ. ಒಂದ ಮಾತೂ ಕೇಳಸಲಾರದ, ದಿನಾ ಬಂದು ಕೂತಾಕಿ ಉಪಕಾರ ನನ್ನ ಮ್ಯಾಲೆ ಎಷ್ಟೈತಿ?"

ಗುರುಶಾಂತನ ಕಣ್ಣು ತುಂಬಿತು. "ಹಂಗಾರ ಏನ ಮಾಡ್ಲಿರೀ?"

"ಗುರುತು ಉಜ್ಜಬ್ಯಾಡ, ಅದರ ಮ್ಯಾಲೇ ಗಟ್ಟಿಯಾಗಿ ಹಚ್ಚು. ನನ್ನ ದನಿ ಹೋಗೂದು, ಹೋಗಲಿ; ಆಕಿ ಕೈ ಉಳೀಲಿ."