ಚರಂಡಿ ಹಾರುತ್ತಿದ್ದ ಹುಡುಗಿ

ಚನ್ನವೀರ ಎಂಬ ಗೃಹಸ್ಥ ಶಿಷ್ಯ ಗುರುಗಳ ಮುಂದೆ ಕೈಮುಗಿದು ಕುಳಿತು ಕೇಳಿದ: "ಗುರುಗಳೇ, ನನ್ನ ಹೆಂಡತಿಗೆ ಈಚೆಗೆ ಮೈ ಸರಿಯಿಲ್ಲ. ಊರ ತುಂಬ ಡಾಕ್ಟರುಗಳಿದ್ದಾರೆ. ಕೇಳಿದರೆ ಜನ ಒಬ್ಬೊಬ್ಬರು ಒಬ್ಬೊಬ್ಬ ಡಾಕ್ಟರ ಹೆಸರು ಹೇಳುತ್ತಾರೆ. ಯಾರ ಕೈಗುಣ ಒಳ್ಳೆಯದು ಎಂದು ತಿಳಿಯುವುದು ಹೇಗೆ?"

ಗುರುಗಳು ನಕ್ಕರು. "ಅದನ್ನು ಹೇಳಲು ನಾನೇನು ಜ್ಯೋತಿಷಿಯೇನಪ್ಪ? ಒಂದು ಕತೆ ಗೊತ್ತು, ಕೇಳು" ಎಂದು ಹೇಳತೊಡಗಿದರು.

ಒಬ್ಬ ಬಟ್ಟೆ ವ್ಯಾಪಾರಿ. ಹೆಂಡತಿಯನ್ನೂ ಒಬ್ಬಳೇ ಮಗಳನ್ನೂ ಕರೆದುಕೊಂಡು ಹೊಸ ಊರಿಗೆ ಬಂದು ಅಂಗಡಿ ಹಾಕಿದ. ವ್ಯಾಪಾರ ಕೈಹಿಡಿಯಿತು. ಆದರೆ ಮಗಳು ಸೊರಗತೊಡಗಿದಳು. ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯದು. ಶಾಲೆಯಿಂದ ಬಂದವಳೇ ಮೂಲೆ ಸೇರುವಳು. ವ್ಯಾಪಾರಿಗೆ ಆ ಮಗಳೆಂದರೆ ಪ್ರಾಣ. ಗಿರಾಕಿಗೆ ಸೀರೆ ಬಿಚ್ಚಿ ತೋರಿಸುವಾಗಲೂ ಅವಳ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು. ಮಗು ಕೈತಪ್ಪಿ ಹೋದರೆ ಏನು ಗತಿ ಎಂದು ಒಳಗೊಳಗೇ ನಡುಗುತ್ತಿದ್ದ.

ಡಾಕ್ಟರನ್ನು ಹುಡುಕಿದ. ಹೇಗೆ ಹುಡುಕಿದ ಅನ್ನುತ್ತೀಯಾ? ಗಿರಾಕಿಗಳು ಬಟ್ಟೆ ಹುಡುಕುವ ಹಾಗೆ! ಇಲ್ಲಿ ಮುಟ್ಟಿ ನೋಡು, ಬೇಡ, ಮುಂದಿನ ಅಂಗಡಿ. ಪೇಟೆಯ ದೊಡ್ಡ ಡಾಕ್ಟರ ಔಷಧಿಯನ್ನು ನಾಲ್ಕು ದಿನ ಕುಡಿಸಿದ. ಗುಣ ಕಾಣಲಿಲ್ಲ. ಪಕ್ಕದೂರಿನ ಡಾಕ್ಟರ ಹತ್ತಿರ ಓಡಿದ. ಅಲ್ಲೂ ತಾಳ್ಮೆ ಸಾಲಲಿಲ್ಲ. ಹೋದಲ್ಲೆಲ್ಲ ಒಂದೇ ಮಾತು: "ಮಗು ಊಟ ಮಾಡುವುದಿಲ್ಲ. ಸ್ವಭಾವವೇ ಮೆತ್ತಗೆ, ಓಡಾಟ ಕಡಿಮೆ." ಪಾಪ, ಅವಳನ್ನು ಅದೇ ಮೊದಲು ನೋಡುವವರಿಗೆ ಅಪ್ಪನ ಮಾತಲ್ಲದೆ ಬೇರೆ ದಿಕ್ಕೇನಿದೆ? ಹಸಿವಿಗೆ ಔಷಧಿ ಬರೆದುಕೊಟ್ಟರು. ಗೂಡಿನ ತುಂಬ ಸೀಸೆಗಳಾದವು. ಹುಡುಗಿ ಇನ್ನಷ್ಟು ಇಳಿದುಹೋದಳು.

ಕೊನೆಗೆ ಹೆಂಡತಿಗೆ ರೇಗಿತು. "ನಮ್ಮ ಬೀದಿಯ ಕೊನೆಯಲ್ಲೇ ಒಬ್ಬರು ಡಾಕ್ಟರಿದ್ದಾರೆ. ಅಕ್ಕಪಕ್ಕದವರೆಲ್ಲ ಅಲ್ಲಿಗೇ ಹೋಗುತ್ತಾರೆ. ನಿಮಗೆ ಮಾತ್ರ ಹಿತ್ತಲ ಗಿಡ ಮದ್ದಲ್ಲ!" ಎಂದಳು. ಬೀದಿ ಕೊನೆಯಲ್ಲಿ ಕೂತವರಿಗೆ ಏನು ಮಹಾ ಗೊತ್ತಿರುತ್ತದೆ ಎಂದು ಗೊಣಗುತ್ತಲೇ ವ್ಯಾಪಾರಿ ಮಗಳ ಕೈಹಿಡಿದು ಹೊರಟ.

ಅಲ್ಲೂ ಅದೇ ಪಾಠ ಒಪ್ಪಿಸಿದ. ಊಟವಿಲ್ಲ, ಸ್ವಭಾವವೇ ಮೆತ್ತಗೆ.

"ಯಾರು, ಈ ಹುಡುಗಿಯೇ ಮೆತ್ತಗೆ?" ಡಾಕ್ಟರು ಹುಬ್ಬೇರಿಸಿದರು. "ನೀವು ಬಂದ ಹೊಸದರಲ್ಲಿ ಇವಳು ಶಾಲೆಗೆ ಹೋಗುವಾಗ ನನ್ನ ಬಾಗಿಲ ಮುಂದಿನ ಚರಂಡಿಯನ್ನು ಚೀಲದ ಸಮೇತ ಹಾರುತ್ತಿದ್ದಳಲ್ಲ ಯಜಮಾನರೇ! ಒಂದು ದಿನವೂ ದಾಟಲು ಹಾಕಿದ ಹಾಸುಗಲ್ಲಿನ ಮೇಲೆ ಕಾಲಿಟ್ಟವಳಲ್ಲ. ಈಚೆಗೆ ಕಲ್ಲು ಹುಡುಕಿಕೊಂಡು ಸುತ್ತಿ ಬರುತ್ತಾಳೆ, ದಾಟಿದ ಮೇಲೆ ಗೋಡೆ ಹಿಡಿದು ನಿಲ್ಲುತ್ತಾಳೆ. ನೀವು ಪೇಟೆಯಲ್ಲಿ ತೋರಿಸುತ್ತಿದ್ದೀರೆಂದು ಕೇಳಿ ಸುಮ್ಮನಿದ್ದೆ. ಇದು ಬರೀ ಹಸಿವಿನ ಮಾತಲ್ಲ."

ಅವರು ಹುಡುಗಿಯ ಕೆಳರೆಪ್ಪೆ ಎಳೆದು ನೋಡಿದರು. ಬಿಳಿಚಿಕೊಂಡಿತ್ತು. ರಕ್ತ, ಮಲ ಎರಡನ್ನೂ ಪರೀಕ್ಷೆ ಮಾಡಿಸಿದರು. ಹೊಟ್ಟೆಯ ಹುಳು ಮೈಯ ರಕ್ತವನ್ನೆಲ್ಲ ಹೀರುತ್ತಿತ್ತು. ಹುಳುವಿಗೆ ಮಾತ್ರೆ, ರಕ್ತಕ್ಕೆ ಮಾತ್ರೆ ಕೊಟ್ಟು, "ಅವಸರ ಬೇಡ, ಬರುತ್ತಿರಿ" ಎಂದರು.

ವ್ಯಾಪಾರಿಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಮಗಳು ಚರಂಡಿ ಹಾರುವುದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಈ ಸಲ ಡಾಕ್ಟರನ್ನು ಬದಲಿಸಲಿಲ್ಲ. ಬರಬರುತ್ತಾ ಹುಡುಗಿಯ ಕೆನ್ನೆಗೆ ಬಣ್ಣ ಬಂತು, ಎರಡನೆಯ ಸಲ ಅನ್ನ ಕೇಳುವಂತಾದಳು. ಹೆಂಡತಿಯ ತಲೆನೋವಿಗೂ ತನ್ನ ಸೊಂಟನೋವಿಗೂ ಅವರೇ ಡಾಕ್ಟರಾದರು. ಏನೂ ಕಾಯಿಲೆ ಇಲ್ಲದ ದಿನವೂ ವ್ಯಾಪಾರಿ ಅಂಗಡಿಗೆ ಹೋಗುತ್ತಾ ಅವರ ಬಾಗಿಲಲ್ಲಿ ನಿಂತು ಎರಡು ಮಾತಾಡಿ ಹೋಗುತ್ತಿದ್ದ.

ಕತೆ ಮುಗಿಯಿತು. ಚನ್ನವೀರನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಕಾಯಿಲೆ ಬಂದಾಗ ಮಾತ್ರವಲ್ಲ, ಹುಷಾರಾಗಿದ್ದಾಗಲೂ ನಮ್ಮನ್ನು ಕಂಡವರು ಬೇಕು. ನಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ. ಈಗಲೇ ಕರೆದುಕೊಂಡು ಹೋಗುತ್ತೇನೆ" ಎಂದು ಎದ್ದ.

"ಹೋಗಿ ಬಾ" ಎಂದರು ಗುರುಗಳು. "ಅದಿರಲಿ, ಹುಷಾರಾಗಿದ್ದಾಗ ನಿನ್ನ ಹೆಂಡತಿ ಹೇಗಿರುತ್ತಾಳಪ್ಪ?"

ಎದ್ದು ನಿಂತಿದ್ದ ಚನ್ನವೀರ ಮತ್ತೆ ಕುಳಿತುಬಿಟ್ಟ.