ದಸ್ತಗೀರ್ ಮೇಸ್ತ್ರಿಯೂ ಕೀಲೆಣ್ಣೆ ಗೊಟ್ಟವೂ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ಕೇಳಬೇಡಿ, ನನಗೆ ಹೇಳಿದವರಿಗೇ ಗೊತ್ತಿರಲಿಲ್ಲ. ಜೋಗಿಕಲ್ಲು ದಿಣ್ಣೆಯ ಈಚೆ ಮಗ್ಗುಲಿಗೆ ಒಂದು ಊರು, ಆ ಊರ ಹೊರಗೆ ಒಂದು ಹುಣಸೆ ಮರ, ಆ ಮರದ ಕೆಳಗೆ ದಸ್ತಗೀರ್ ಮೇಸ್ತ್ರಿ. ಗೋಡೆಯಿಲ್ಲ, ಬೋರ್ಡಿಲ್ಲ. ಒಂದು ಗೋಣಿಚೀಲ, ಅದರ ಮೇಲೆ ನಟ್ಟು ತಿರುಗಿಸುವ ನಾಲ್ಕು ಪಾನ, ಒಂದು ಸುತ್ತಿಗೆ, ಒಂದು ಸೀಮೆಎಣ್ಣೆ ಡಬ್ಬ. ಕೆಟ್ಟ ಗಾಡಿಯ ಮೇಲೆ ಅವನು ಕೈಯಿಟ್ಟರೆ ಸಾಕು, ನೋವು ಎಲ್ಲಿದೆ ಅಂತ ಗಾಡಿಯೇ ಹೇಳುತ್ತಿತ್ತಂತೆ. ಹಾಗಂತಾರೆ. ಗಾಡಿ ಹೇಳುತ್ತಿತ್ತೋ ಬಿಡುತ್ತಿತ್ತೋ, ಮೇಸ್ತ್ರಿ ಮಾತ್ರ ಗಾಡಿ ತಂದವನಿಗೆ ಚೆನ್ನಾಗಿ ಹೇಳುತ್ತಿದ್ದ. ಬೈಗುಳ ಮೊದಲು, ರಿಪೇರಿ ಆಮೇಲೆ.

ದಿಣ್ಣೆಯ ಆಚೆ ಕಲ್ಲುಗೊಂಡಿ. ಅಲ್ಲಿ ಬಂಡಿ ಕರಿಬಸಪ್ಪ ಅಂತ ಒಬ್ಬ. ಮೂರು ತಲೆಮಾರು ಎತ್ತಿನ ಬಂಡಿ ಹೊಡೆದ ಮನೆತನ, ಅದಕ್ಕೇ ಆ ಅಡ್ಡಹೆಸರು. ಮಿಲಿಟರಿಯವರು ಬಿಟ್ಟುಹೋದ ಹಳೇ ಮೋಟರ್‌ಸೈಕಲ್ಲೊಂದು ಹೇಗೋ ಅವನ ಪಾಲಿಗೆ ಬಂದಿತ್ತು. ಆ ಕಡೆಯ ಏಳೂರಿಗೂ ಅದೊಂದೇ. ಹಾವು ಕಚ್ಚಿದವರಿರಲಿ, ಹೆರಿಗೆ ಕಷ್ಟವಾದವರಿರಲಿ, ಹಿಂದೆ ಕೂರಿಸಿಕೊಂಡು ದಿಣ್ಣೆ ಹತ್ತಿಸಿ ಈಚೆ ಆಸ್ಪತ್ರೆಗೆ ಮುಟ್ಟಿಸುತ್ತಿದ್ದ. ಒಳ್ಳೇ ಮನುಷ್ಯ. ಅದೇ ಮೇಸ್ತ್ರಿಯ ಸಂಕಟ. ಕೆಟ್ಟವನಾಗಿದ್ದರೆ ಬೈದು ಓಡಿಸಿ ಹಾಯಾಗಿರಬಹುದಿತ್ತು.

ಏನು ಸಂಕಟ ಅಂತೀರಾ? ಕೀಲೆಣ್ಣೆ! ನಿಮಗೆಲ್ಲಿ ಗೊತ್ತು ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಗೆ ಹಾಕಿ ಕಲಸಿದರೆ ಅದು ಕೀಲೆಣ್ಣೆ. ಅಮಾವಾಸ್ಯೆ ದಿನ ಬಂಡಿ ಹೂಡುವ ಹಾಗಿಲ್ಲ, ಅವತ್ತು ಗಾಲಿ ಕಳಚಿ ಅಚ್ಚಿಗೆ ಅದನ್ನು ಬಳಿಯಬೇಕು. ಉಳಿದದ್ದು ಒಂದು ಬಿದಿರಿನ ಗೊಟ್ಟದಲ್ಲಿ ಬಂಡಿಯ ಕೆಳಗೇ ನೇತಾಡುತ್ತಿರುತ್ತದೆ. ಕರಿಬಸಪ್ಪ ಈ ಪದ್ಧತಿಯನ್ನು ಮೋಟರ್‌ಸೈಕಲ್ಲಿಗೂ ತಂದ. ಅಮಾವಾಸ್ಯೆ ಬಂತೋ, ನಟ್ಟು ಬಿಚ್ಚಿ, ಕ್ಲಚ್ಚಿನ ಒಂದೊಂದು ಪ್ಲೇಟಿಗೂ ಭಕ್ತಿಯಿಂದ ಕೀಲೆಣ್ಣೆ ಬಳಿದುಬಿಟ್ಟ.

ಆ ಗಾಡಿಯ ಕ್ಲಚ್ಚು ಒಣಗಿರಬೇಕು ಕಣ್ರಪ್ಪಾ. ಪ್ಲೇಟಿಗೆ ಪ್ಲೇಟು ಕಚ್ಚಿಕೊಂಡರೆ ಗಾಲಿ ತಿರುಗುತ್ತದೆ. ನಡುವೆ ಎಣ್ಣೆ ಬಿದ್ದರೆ ಜಾರುತ್ತದೆ. ಇಂಜಿನ್ ಬಾಯಿ ಬಡಿದುಕೊಳ್ಳುತ್ತದೆ, ಗಾಡಿ ನಿಂತಲ್ಲೇ ನಿಂತಿರುತ್ತದೆ. ಮೇಸ್ತ್ರಿ ಪ್ಲೇಟುಗಳನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗೆ ಹರವಿ, ಉಪ್ಪುಕಾಗದ ಹಾಕಿ ಉಜ್ಜಿ ಕೂಡಿಸಿಕೊಟ್ಟ. ಎಣ್ಣೆ ಮುಟ್ಟಿಸಬೇಡಪ್ಪಾ ಅಂತ ಕೈಮುಗಿದ. ಕರಿಬಸಪ್ಪ ಆಯಿತು ಅಂತ ತಲೆಯಾಡಿಸಿದ. ಮುಂದಿನ ಅಮಾವಾಸ್ಯೆ ಕಳೆದ ಮೂರನೇ ದಿನ ಗಾಡಿ ತಳ್ಳಿಕೊಂಡು ಬಂದ. ಬಿಚ್ಚಿ ನೋಡಿದರೆ ಕೀಲೆಣ್ಣೆ.

ಹೀಗೆ ಎಷ್ಟು ಅಮಾವಾಸ್ಯೆ! ಹನ್ನೆರಡು ಅಂತಾರೆ ಕೆಲವರು, ನೂರು ಅಂತಾರೆ ಕೆಲವರು. ಮೇಸ್ತ್ರಿಯ ಗಡ್ಡ ಬೆಳ್ಳಗಾಗಿದ್ದು ವಯಸ್ಸಿಗಲ್ಲ, ಆ ಕ್ಲಚ್ಚಿಗೆ ಅಂತಾನೂ ಅಂತಾರೆ. ಅದನ್ನು ನಾನು ನಂಬುತ್ತೇನೆ.

ಒಂದು ಸಲ ಮುಂದಿನ ಗಾಲಿ ಹಿಡಿದಿರುವ ಫೋರ್ಕಿನಿಂದ ಎಣ್ಣೆ ಸೋರಿ ಗಾಡಿ ಬಂತು. ಫೋರ್ಕಿನ ಎರಡು ಕೊಳವೆಯೊಳಗೆ ಎಣ್ಣೆ ಇರಬೇಕಾದ್ದೇ, ಇದ್ದರೇ ಗುಂಡಿ ಬಿದ್ದಾಗ ಅದು ಮೆತ್ತಗೆ ಕುಗ್ಗಿ ಏಳುವುದು. ಇಲ್ಲಿಗೆ ಎಣ್ಣೆ ಬೇಕು ಅಂತ ಮೇಸ್ತ್ರಿ ಬಾಯಿ ತಪ್ಪಿ ಅಂದುಬಿಟ್ಟ. ಮುಗಿಯಿತಲ್ಲ! ಇಲ್ಲಿಗೆ ಬೇಕಾದರೆ ಅಲ್ಲಿಗೆ ಯಾಕೆ ಬೇಡ ಅಂತ ಕರಿಬಸಪ್ಪನ ವಾದ. ಮುಂದಿನ ತಿಂಗಳು ಫೋರ್ಕಿನೊಳಕ್ಕೂ ಕೀಲೆಣ್ಣೆ ಸುರಿದುಕೊಂಡು ಬಂದ. ಕರಿ ಒಳಗೆ ಗಟ್ಟಿಯಾಗಿ ಕೂತು ಫೋರ್ಕು ಒನಕೆ ಥರ ಆಗಿತ್ತು. ಒಂದು ಗುಂಡಿಗೆ ಬಿದ್ದು ಫೋರ್ಕಿನ ಎಡಗಾಲು, ಅಂದರೆ ಎಡಗಡೆ ಕೊಳವೆ, ಬಾಗಿಯೂ ಇತ್ತು.

ಮೇಸ್ತ್ರಿ ಕ್ಲಚ್ಚಿನ ಮುಚ್ಚಳ ತೆಗೆದ. ಅಮಾವಾಸ್ಯೆಗೆ ಇನ್ನೂ ಆರು ದಿನ ಇತ್ತು. ಆದರೂ ಒಳಗೆ ಹಸಿ ಹಸಿ ಕೀಲೆಣ್ಣೆ.

ಅವತ್ತು ಅವನ ತಾಳ್ಮೆ ಹರಿಯಿತು. ಕೈಯಲ್ಲಿದ್ದ ಪಾನ ಬೀಸಿ ಎಸೆದ. ಅದು ಊರಾಚೆಯ ಕೆರೆಗೆ ಹೋಗಿ ಬಿತ್ತು ಅಂತಾರೆ. ಸುಳ್ಳು, ಬೇಲಿಯೊಳಗೆ ಬಿತ್ತು.

"ಅಲ್ಲ ಕರಿಬಸಣ್ಣಾ, ನಿನಗೆ ಕೈಮುಗಿದು ಹೇಳಿದೆ, ಕಾಲು ಹಿಡಿದು ಹೇಳಿದೆ! ಈಗ ದಿನಾ ಬಳಿಯೋಕೆ ಶುರು ಮಾಡಿದ್ದೀಯಲ್ಲೋ ಪುಣ್ಯಾತ್ಮ! ಸಾಕು. ಈ ಗಾಡಿ ನಾನಿನ್ನು ಮುಟ್ಟಲ್ಲ. ತಗೊಂಡು ಹೋಗು!"

ಕರಿಬಸಪ್ಪ ಹೋಗಲಿಲ್ಲ. ಹೆಗಲಿಗೆ ನೇತುಹಾಕಿಕೊಂಡಿದ್ದ ಗೊಟ್ಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. "ಮಗಳು ಹೆರಿಗೆಗೆ ಬಂದವಳೆ ಸಾಬ್ರೇ," ಅಂದ. "ಇವತ್ತೋ ನಾಳೆಯೋ ಅನ್ನೋ ಹಂಗೈತಿ."

ಆಮೇಲೆ ಹೇಳಿದ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರದಿದ್ದನ್ನು ಹೇಳಿದ. ಆ ಮಗಳು ನೀಲವ್ವ ಹುಟ್ಟಿದ ತಿಂಗಳು ಸುಗ್ಗಿಯ ಗಡಿಬಿಡಿ. ಒಂದೇ ಒಂದು ಅಮಾವಾಸ್ಯೆ ಅಚ್ಚಿಗೆ ಎಣ್ಣೆ ಹಾಕುವುದನ್ನು ಬಿಟ್ಟಿದ್ದ. ಅದೇ ವಾರ ಹೆಂಡತಿಗೆ ನೋವು ಬಂತು. ಬಂಡಿಯಲ್ಲಿ ಮಲಗಿಸಿಕೊಂಡು ಹೊರಟ. ದಿಣ್ಣೆಯ ನಡುವೆ ಅಚ್ಚು ಕಾದು ಗಾಲಿ ಕಚ್ಚಿಕೊಂಡು ನಿಂತಿತು. ಎತ್ತು ಎಳೆದವು, ಇವನು ಎಳೆದ, ಗಾಲಿ ಜಪ್ಪಯ್ಯ ಅನ್ನಲಿಲ್ಲ. ಮಗು ದಿಣ್ಣೆಯ ಮೇಲೇ ಹುಟ್ಟಿತು, ತಾಯಿ ದಿಣ್ಣೆಯ ಮೇಲೇ ಹೋದಳು.

"ಎಣ್ಣೆ ಹಾಕದಿದ್ದರೆ ನನಗೆ ನಿದ್ದೆ ಹತ್ತಲ್ಲ ಸಾಬ್ರೇ."

ಮೇಸ್ತ್ರಿ ಗೋಣಿಚೀಲದ ಮೇಲೆ ಕೂತ. ಇಷ್ಟು ದಿನ ತಾನು ಬೈದದ್ದೆಲ್ಲ ನೆನಪಾಯಿತು. ಆಮೇಲೆ ಎದ್ದು ಬೇಲಿಗೆ ಹೋಗಿ, ಮುಳ್ಳು ಚುಚ್ಚಿಸಿಕೊಂಡು, ಪಾನ ಹುಡುಕಿ ತಂದ. ಮುಳ್ಳಿಗೂ ಬೈದ.

ಅವತ್ತು ಸಂಜೆ ತನಕ ಕೆಲಸ ಮಾಡಿದ. ಪ್ಲೇಟು ತೊಳೆದ, ಉಜ್ಜಿದ, ಮತ್ತೆ ತೊಳೆದ. ಫೋರ್ಕು ಬಿಚ್ಚಿ ಒಳಗಿನ ಕರಿಯನ್ನು ಕಡ್ಡಿಗೆ ಬಟ್ಟೆ ಸುತ್ತಿ ತೆಗೆದ, ಬಾಗಿದ ಕಾಲನ್ನು ಹುಣಸೆ ಮರದ ಕವಲಿಗೆ ಸಿಕ್ಕಿಸಿ ಕೂದಲೆಳೆಯಷ್ಟೇ ಒತ್ತುತ್ತಾ ನೆಟ್ಟಗೆ ಮಾಡಿದ. ಸೋರುವ ಕಡೆಗೆ ಹಳೇ ಚರ್ಮದ ಪಟ್ಟಿಯಿಂದ ಬಳೆಯಂಥ ವಾಷರ್ ಕತ್ತರಿಸಿ ಕೂರಿಸಿ, ತೆಳ್ಳನೆ ಎಣ್ಣೆ ಹಾಕಿದ. ಕೊನೆಗೆ ಕರಿಬಸಪ್ಪನ ಕೈಯಿಂದ ಗೊಟ್ಟ ಕಿತ್ತುಕೊಂಡ. ಅದರ ತಳಕ್ಕೆ ಸೂಜಿಯಷ್ಟು ತೂತು ಕೊರೆದು, ಗಾಡಿಯ ಹೊಟ್ಟೆಯ ಕೆಳಗೆ, ಸ್ಟ್ಯಾಂಡಿನ ಕೀಲಿನ ಮೇಲೆ ತಂತಿ ಕಟ್ಟಿ ತೂಗುಹಾಕಿದ.

ಇಡೀ ಗಾಡಿಯಲ್ಲಿ ನಿನ್ನ ಕೀಲೆಣ್ಣೆ ಬೇಕಾದ ಜಾಗ ಇದೊಂದೇ, ಇದನ್ನು ಒಂದು ಅಮಾವಾಸ್ಯೆಯೂ ಬಿಡಬೇಡ ಅಂದ. ಅದು ಸುಳ್ಳೂ ಅಲ್ಲ. ಕರಿಬಸಪ್ಪ ಗೊಟ್ಟ ತುಂಬಿಸಿದ. ಒಂದು ಹನಿ ಕೀಲಿನ ಮೇಲೆ ಬಿತ್ತು. ಅವನ ಕೈ ತಾನಾಗಿಯೇ ಕ್ಲಚ್ಚಿನ ಕಡೆಗೆ ಹೋಯಿತಂತೆ.

"ಅಲ್ಲಲ್ಲೋ ಪುಣ್ಯಾತ್ಮ, ಇಲ್ಲಿ!" ಅಂತ ಮೇಸ್ತ್ರಿ ಕಿರುಚಿದ.

ಮಾರನೇ ದಿನ ಮಧ್ಯಾಹ್ನ ದಿಣ್ಣೆಯಾಚೆಯಿಂದ ಮೋಟರ್‌ಸೈಕಲ್ಲಿನ ಸದ್ದು ಕೇಳಿತು. ಮೇಸ್ತ್ರಿ ಕೈಯಲ್ಲಿದ್ದ ಕೆಲಸ ಬಿಟ್ಟು ರಸ್ತೆಗೆ ಬಂದು ನಿಂತ. ಕ್ಲಚ್ಚು ಜಾರಿದರೆ ಮೊದಲು ಕಿವಿಗೆ ಗೊತ್ತಾಗುತ್ತದೆ, ಸದ್ದು ಒಮ್ಮೆಗೇ ಮೇಲಕ್ಕೆ ಹೋಗುತ್ತದೆ. ಸದ್ದು ದಿಣ್ಣೆಯ ನಡುವಿಗೆ ಬಂತು. ಆ ಜಾಗಕ್ಕೆ. ಸದ್ದು ಮೇಲಕ್ಕೆ ಹೋಗಲಿಲ್ಲ. ಗುಡುಗುಡು ಅಂತ ಒಂದೇ ಸಮ, ಒಂದೇ ಸಮ, ನೆತ್ತಿಗೆ ಬಂತು, ಇಳಿಯಿತು. ಮುಂದೆ ಕರಿಬಸಪ್ಪ, ನಡುವೆ ನೀಲವ್ವ, ಹಿಂದೆ ಅವಳನ್ನು ಅವಚಿಕೊಂಡ ಸೋದರತ್ತೆ. ಗುಂಡಿಗೆ ಬಿದ್ದಾಗ ಫೋರ್ಕು ಮೆತ್ತಗೆ ಕುಗ್ಗಿ ಎದ್ದಿತು. ಹೊಟ್ಟೆಯ ಕೆಳಗೆ ಗೊಟ್ಟ ತೂಗಾಡುತ್ತಿತ್ತು.

ಅವತ್ತು ಗಾಡಿ ಪೆಟ್ರೋಲಿಲ್ಲದೆ ದಿಣ್ಣೆ ಹತ್ತಿತು ಅಂತ ಕೆಲವರು ಹೇಳುತ್ತಾರೆ. ಕೇಳಬೇಡಿ ಅಂಥವರ ಮಾತು. ಪೆಟ್ರೋಲಿತ್ತು, ಕ್ಲಚ್ಚು ಒಣಗಿತ್ತು, ಅಷ್ಟೇ. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಇಳಿಜಾರಲ್ಲಿ ಅಷ್ಟು ಜೋರಾಗಿ ಬಿಟ್ಟರೆ ಫೋರ್ಕಿನ ಗತಿಯೇನು ಅಂತ ಮೇಸ್ತ್ರಿ ಕಣ್ಣೊರೆಸಿಕೊಂಡು ಬೈದನಂತೆ.

ಮೇಸ್ತ್ರಿ ಹೋಗಿ ಎಷ್ಟೋ ಕಾಲವಾಯಿತು, ಹುಣಸೆ ಮರವೂ ಇಲ್ಲ. ಆದರೂ ಆ ಏಳೂರಲ್ಲಿ ಯಾರೇ ಹೊಸ ಬೈಕು ತರಲಿ, ಅದರ ಹೊಟ್ಟೆಯ ಕೆಳಗೆ ಒಂದು ಪುಟ್ಟ ಬಿದಿರಿನ ಗೊಟ್ಟ ಕಟ್ಟುತ್ತಾರೆ. ಅಮಾವಾಸ್ಯೆಗೆ ತುಂಬಿಸುತ್ತಾರೆ. ತುಂಬಿಸುವವನು ಬೇಕೆಂದೇ ಒಮ್ಮೆ ಕ್ಲಚ್ಚಿನ ಕಡೆ ಕೈ ಚಾಚಬೇಕು. ಮನೆಯ ಹಿರೀ ಹೆಂಗಸು ಹೊಸ್ತಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಬೈಯಬೇಕು, "ಅಲ್ಲಲ್ಲೋ ಪುಣ್ಯಾತ್ಮ, ಇಲ್ಲಿ!" ಆ ಬೈಗುಳ ಬೀಳದೆ ಆ ಏಳೂರಲ್ಲಿ ಒಬ್ಬನೂ ಗಾಡಿ ದಿಣ್ಣೆ ಹತ್ತಿಸುವುದಿಲ್ಲ.